ಕೂತಲ್ಲೇ ಕೂರುವ ಮದ್ದು

ನಮ್ಮ ಊರಿನಲ್ಲಿ ಯಾರೂ ನಿಂತಲ್ಲಿ ನಿಲ್ಲುವುದಿಲ್ಲ. ನಿಂತರೆ ತಬ್ಬುಬಳ್ಳಿ ಬಂದು ಕಾಲು ಹಿಡಿಯುತ್ತದೆ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಅಲುಗಾಡದೆ ಇದ್ದರೆ ಸಾಕು, ಎಲ್ಲಿಂದಲೋ ಒಂದು ಎಳೆಯ ಕುಡಿ ಮರಳಿನ ಮೇಲೆ ತೆವಳುತ್ತ ಬಂದು ಹೆಬ್ಬೆರಳನ್ನು ಮುಟ್ಟಿ ನೋಡಿ, ಮನಸ್ಸಿಗೆ ಬಂದರೆ ಹಿಮ್ಮಡಿಗೆ ಒಂದು ಸುತ್ತು ಹಾಕುತ್ತದೆ. ಎರಡನೆಯ ಲೋಟದ ಹೊತ್ತಿಗೆ ಮೊಣಕಾಲು. ಅಜ್ಜಂದಿರ ಕಾಲದಲ್ಲಿ ಒಡೆದುಹೋದ ಯಾವುದೋ ಪರದೇಶದ ಹಡಗಿನ ಹಲಗೆಗಳ ಜೊತೆ ತೇಲಿಬಂದದ್ದಂತೆ. ಬಂದದ್ದು ದಂಡೆಯ ಕೇದಗೆ ಮೆಳೆಗಳನ್ನೆಲ್ಲ ಮುಚ್ಚಿ, ಗೇರುಗುಡ್ಡ ಹತ್ತಿ, ಆಮೇಲೆ ಪೇಟೆಗೆ ಇಳಿಯಿತು. ಕಡಿದರೆ ಚಿಗುರುತ್ತದೆ, ಸುಟ್ಟರೆ ಬೂದಿಯಲ್ಲೇ ಚಿಗುರುತ್ತದೆ. ಗಂಡಸರು ಬೆಳಗ್ಗೆ ಎದ್ದು ಗಡ್ಡ ಹೆರೆದುಕೊಂಡ ಹಾಗೆ ನಾವು ಮನೆಗಳ ಗೋಡೆ ಹೆರೆಯುತ್ತೇವೆ.

ಹಾಗೆಂದು ನಾವೇನೂ ಗೋಳಾಡುತ್ತ ಕೂತಿರಲಿಲ್ಲ. ಕೂರುವುದಕ್ಕೇ ಆಗುತ್ತಿರಲಿಲ್ಲವಲ್ಲ! ಶಾಲೆಯಲ್ಲಿ ಮಕ್ಕಳು ಅಂಗಳ ಸುತ್ತುತ್ತ ಮಗ್ಗಿ ಹೇಳುತ್ತಿದ್ದರು. ಕ್ಷೌರದಂಗಡಿಯಲ್ಲಿ ಗಿರಾಕಿ ನಿಂತಲ್ಲೇ ಕಾಲು ಕುಣಿಸುತ್ತಿದ್ದ, ಕ್ಷೌರಿಕ ಆ ತಾಳಕ್ಕೆ ಸರಿಯಾಗಿ ಕತ್ತರಿ ಆಡಿಸುತ್ತಿದ್ದ. ಮಲಗುವುದೆಲ್ಲ ತೂಗುಮಂಚದಲ್ಲಿ, ಕಡಲ ಗಾಳಿ ರಾತ್ರಿಯಿಡೀ ಊರನ್ನು ತೂಗುತ್ತಿತ್ತು. ಪೇಟೆಯ ನಡುವೆ ಯಾರೋ ದೊಡ್ಡ ಮನುಷ್ಯರ ಪ್ರತಿಮೆಯೊಂದಿದೆ. ಅದು ಹಸಿರು ಗುಪ್ಪೆಯಾಗಿ ಎಷ್ಟು ಕಾಲವಾಯಿತೋ, ಒಳಗಿರುವವರು ಯಾರೆಂದು ಯಾರಿಗೂ ನೆನಪಿಲ್ಲ. ಆದರೂ ವರ್ಷಕ್ಕೊಮ್ಮೆ ಗುಪ್ಪೆಗೇ ಹಾರ ಹಾಕಿ ಭಾಷಣ ಮಾಡುತ್ತೇವೆ. ಭಾಷಣ ಚಿಕ್ಕದಾಗಿರುತ್ತದೆ.

ನಾನು ಇಂದುಮತಿ, ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಟೀಚರ್. ಅಮ್ಮ ತೀರಿಹೋದ ಮೇಲೆ ನನ್ನನ್ನು ಸಾಕಿದವಳು ದೊಡ್ಡಮ್ಮ, ಗುಲಾಬಿ. ಅವಳು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದಳು. ನಮ್ಮಂಥ ಊರಿನಲ್ಲಿ ಡ್ರಿಲ್ ಟೀಚರ್ ಎಂದರೆ ಎಂಥ ಮರ್ಯಾದೆ ಎಂದು ನೀವೇ ಊಹಿಸಿಕೊಳ್ಳಿ. ಅರ್ಧ ಊರು ಅವಳ ಸೀಟಿಗೆ ಕಾಲೆತ್ತಲು ಕಲಿತದ್ದು. ನಿವೃತ್ತಿಯಾದರೂ ಓಟ ಬಿಟ್ಟಿರಲಿಲ್ಲ. ಮಾವಿನ ಮಿಡಿ ಮುಗಿಯುತ್ತ ಬಂದ ಒಂದು ಬೆಳಗ್ಗೆ, ಬಂಗುಡೆ ಮೀನು ಕಚ್ಚಿಕೊಂಡು ಹೋದ ಬೆಕ್ಕಿನ ಹಿಂದೆ ಓಡುತ್ತ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದಳು. ಬಿದ್ದ ಸದ್ದಿಗೆ ಪಕ್ಕದ ಮನೆಯ ಲೂಸಿಬಾಯಿ ಬೇಲಿ ಹಾರಿ ಬಂದರು.

ಡಾಕ್ಟರ್ ಜಬ್ಬಾರ್ ಎಡಗಾಲು ಬಲಗಾಲು ಎಂದು ಕುಣಿಯುತ್ತಲೇ ಪರೀಕ್ಷೆ ಮಾಡಿದರು. "ಸೊಂಟದ ಎಲುಬು ಬಿರುಕು ಬಿಟ್ಟಿದೆ. ಕೂಡುತ್ತದೆ. ಆದರೆ ಮಳೆ ಜೋರಾಗಿ ಹಿಡಿಯುವವರೆಗೆ ಅಲುಗಾಡಬಾರದು."

ದೊಡ್ಡಮ್ಮ ನೋವಿನಲ್ಲೂ ಕಣ್ಣರಳಿಸಿದಳು. "ಇನ್ನೊಮ್ಮೆ ಹೇಳಿ ಡಾಕ್ಟ್ರೇ."

"ಅಲುಗಾಡಬಾರದು."

"ಒಂಚೂರೂ?"

"ಒಂಚೂರೂ ಇಲ್ಲ."

ಅವಳು ಯಾರೋ ಹಾಡುವುದನ್ನು ಕೇಳುವವಳ ಹಾಗೆ ಕಣ್ಣು ಮುಚ್ಚಿದಳು. "ಅರವತ್ತೇಳು ವರ್ಷದಲ್ಲಿ ಮೊದಲ ಸಲ ಒಬ್ಬರು ನನಗೆ ಹೀಗೆ ಹೇಳಿದ್ದು ಮಾರಾಯ್ತಿ," ಎಂದು ನನ್ನ ಕೈ ಹಿಡಿದುಕೊಂಡಳು. ನನಗೆ ನಗು ಬಂತು, ಆದರೆ ಬಂದಷ್ಟೇ ಬೇಗ ಹೋಯಿತು. ಯಾಕೆಂದರೆ ಅಲುಗಾಡಲಾಗದವರು ಊರಿನಲ್ಲಿ ಇರುವ ಹಾಗಿಲ್ಲ. ಒಬ್ಬರು ಒಂದೆಡೆ ಮಲಗಿಬಿಟ್ಟರೆ ಬಳ್ಳಿ ಆ ಮನೆಗೆ ನುಗ್ಗುವುದಷ್ಟೇ ಅಲ್ಲ, ಬರುವ ದಾರಿಯಲ್ಲಿ ಅಕ್ಕಪಕ್ಕದ ಮನೆಗಳನ್ನೂ ಮುಚ್ಚಿಕೊಂಡು ಬರುತ್ತದೆ. ಅದಕ್ಕೇ ಅಂಥವರನ್ನು ದೋಣಿಯಲ್ಲಿ ಕಲ್ಲುಕುದುರಿಗೆ ಕಳಿಸುವುದು ಹಿಂದಿನಿಂದ ಬಂದ ಕಟ್ಟುಪಾಡು. ಕೊಲ್ಲಿಯಾಚೆ ಬರೀ ಬಂಡೆಯ ನಡುಗಡ್ಡೆ ಅದು, ಮಣ್ಣಿಲ್ಲ, ಬಳ್ಳಿಯಿಲ್ಲ. ಅಲ್ಲೊಂದು ಉದ್ದನೆಯ ಮನೆ ಕಟ್ಟಿಸಿದ್ದಾರೆ, ನೋಡಿಕೊಳ್ಳುವವರಿದ್ದಾರೆ, ಊಟಕ್ಕೆ ಕೊರತೆಯಿಲ್ಲ. ಆದರೆ ಕಡಲು ಒರಟು. ಮಳೆಗಾಲದಲ್ಲಿ ದೋಣಿಯೇ ಹೋಗುವುದಿಲ್ಲ. ಹೋದವರನ್ನು ಕಾಣಲು ಮೊದಮೊದಲು ಹೋಗುತ್ತೇವೆ, ಆಮೇಲೆ ಕಡಿಮೆಯಾಗುತ್ತದೆ, ಆಮೇಲೆ ಆ ಕಡೆ ನೋಡುವುದನ್ನೇ ಬಿಡುತ್ತೇವೆ.

"ಮತ್ತೆ ಆ ದೋಣಿಯ ಕುಲುಕಾಟಕ್ಕೆ ಎಲುಬು ಸರಿದರೆ ಇವರು ಮುಂದೆ ನಡೆಯುವುದಿಲ್ಲ," ಎಂದರು ಡಾಕ್ಟರ್, ಹೊರಗೆ ಬಂದು, ನನ್ನೊಬ್ಬಳಿಗೇ ಕೇಳುವಂತೆ.

ದೋಣಿಯ ಪೌಲು ಮರುದಿನವೇ ಬಂದ. ಒಳ್ಳೆಯವನು. ಮಳೆಗೆ ಮುಂಚಿನ ಕೊನೆಯ ದೋಣಿಯವರೆಗೆ ಕಾಯುತ್ತೇನೆ ಎಂದ. "ಅದಕ್ಕಿಂತ ಹೆಚ್ಚು ಕಾದರೆ ನಿಮ್ಮ ಓಣಿಯವರು ನನ್ನನ್ನೇ ಬಳ್ಳಿಗೆ ಕಟ್ಟುತ್ತಾರೆ ಟೀಚರ್," ಎಂದು ತಲೆ ತಗ್ಗಿಸಿಕೊಂಡು ಹೋದ.

ತೂಗುಮಂಚ ಕೂಡದು, ನೆಲದ ಮಂಚವೇ ಆಗಬೇಕು. ಹಾಗಾಗಿ ನಾವು ಸರದಿ ಹಾಕಿಕೊಂಡೆವು. ಒಬ್ಬರು ಕತ್ತಿ ಹಿಡಿದು ಮಂಚ ಸುತ್ತುತ್ತ ಬಂದ ಬಂದ ಕುಡಿ ಚಿವುಟುವುದು: ನಾನು, ಲೂಸಿಬಾಯಿ, ಮತ್ತೆ ಸಂಜೀವ ಮಾಸ್ಟ್ರು. ಇವರು ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು. ಇವರ ಬಗ್ಗೆ ಸ್ವಲ್ಪ ಹೇಳಬೇಕು. ಎಷ್ಟೋ ವರ್ಷಗಳಿಂದ ಸಂಜೆ ಕಾಲೇಜು ಬಿಟ್ಟ ಮೇಲೆ ನಾವಿಬ್ಬರೂ ಒಟ್ಟಿಗೆ ನಡೆದು ಬರುವುದು. ಪ್ರತಿ ಸಲವೂ ದೊಡ್ಡ ಆಲದ ಮರದ ಹತ್ತಿರ ಇವರು "ಇಂದು ಟೀಚರ್, ನಾನೊಂದು ವಿಷಯ" ಎಂದು ಶುರು ಮಾಡುವುದು, ಅಷ್ಟರಲ್ಲಿ ಕಾಲು ಎಡವುವುದು, ಇಲ್ಲವೇ ಮಾತು ತಪ್ಪುವುದು, ಕೊನೆಗೆ ಪಾಚಿಯ ಜಾತಿಗಳ ಬಗ್ಗೆ ಹೇಳಿ ಮುಗಿಸುವುದು. ನಡೆಯುತ್ತ ಮಾತಾಡಲು ಬಾರದ ಮನುಷ್ಯ. ಇಂಥವರು ನಮ್ಮ ಊರಿನಲ್ಲಿ ಹುಟ್ಟಬಾರದಿತ್ತು.

ದೊಡ್ಡಮ್ಮನಿಗಂತೂ ಹಬ್ಬ. ಮಲಗಿಕೊಂಡೇ ಮಾಡಿನ ಹೆಂಚು ನೋಡಿದಳು. ಗೋಡೆಯ ಹಲ್ಲಿಗೆ ಹೆಸರಿಟ್ಟಳು. "ಇಂದೂ, ಬೆಳಕು ಗೋಡೆಯ ಮೇಲೆ ನಡೆಯುತ್ತದೆ ಗೊತ್ತುಂಟಾ? ಬೆಳಗ್ಗೆ ಆ ಮೊಳೆಯ ಹತ್ತಿರ ಇರ್ತದೆ, ಮಧ್ಯಾಹ್ನಕ್ಕೆ ಇಲ್ಲಿ. ನಾವೇ ಓಡುತ್ತಿದ್ದರೆ ಇದೆಲ್ಲ ಎಲ್ಲಿ ಕಾಣಬೇಕು!" ನಾವು ಮೂವರು ನಿದ್ದೆಗೆಟ್ಟು ತೂರಾಡುತ್ತ ಅವಳ ಸುತ್ತ ಸುತ್ತುತ್ತಿದ್ದರೆ ಅವಳು ದಿನದಿನಕ್ಕೆ ಹೊಳೆಯುತ್ತಿದ್ದಳು. ಓಣಿಯವರು ಮಾತ್ರ ಬೇಲಿಯಾಚೆ ಗೊಣಗತೊಡಗಿದ್ದರು. ಬಳ್ಳಿ ಆಗಲೇ ಎರಡು ಕೊಟ್ಟಿಗೆ ಮುಚ್ಚಿತ್ತು.

ಒಂದು ಮಧ್ಯಾಹ್ನ ನನ್ನ ಸರದಿ. ಮಂಚದ ಕಾಲಿಗೆ ಎರಡು ಕುಡಿಗಳು ಎರಡು ಕಡೆಯಿಂದ ಹತ್ತುತ್ತಿದ್ದವು. ಕತ್ತಿ ಎತ್ತಿದವಳು ಹಾಗೇ ನೋಡಿದೆ. ಎರಡೂ ಮೇಲೆ ಬಂದು ಎದುರುಬದುರಾದವು, ಒಂದನ್ನೊಂದು ಮುಟ್ಟಿದವು, ತಟ್ಟನೆ ಹಿಂದೆ ಸರಿದವು. ಮಾತು ಬಿಟ್ಟ ನೆಂಟರು ಮದುವೆಮನೆಯ ಬಾಗಿಲಲ್ಲಿ ಎದುರಾದ ಹಾಗೆ! ಒಂದು ಎಡಕ್ಕೆ ಹೋಯಿತು, ಇನ್ನೊಂದು ಬಲಕ್ಕೆ. ನಾನು ಲೂಸಿಬಾಯಿಯನ್ನು ಕೂಗಿ ಕರೆದು, ಕತ್ತಿ ಅವರ ಕೈಗಿಟ್ಟು ಸಂಜೀವ ಮಾಸ್ಟ್ರ ಮನೆಗೆ ಓಡಿದೆ.

"ಮಾಸ್ಟ್ರೇ, ಇದು ಕಂಬ ತಬ್ಬುತ್ತದೆ, ದನ ತಬ್ಬುತ್ತದೆ, ತನ್ನನ್ನು ತಾನು ಯಾಕೆ ತಬ್ಬುವುದಿಲ್ಲ?"

ಅವರು ನಡೆಯುವುದನ್ನು ಮರೆತು ನಿಂತುಬಿಟ್ಟರು. "ಗುರುತು ಸಿಗ್ತದೆ ಅದಕ್ಕೆ," ಎಂದರು ನಿಧಾನವಾಗಿ. "ಎಲೆಯ ಮೈಮೇಲೆ ಏನೋ ಉಂಟು. ಮುಟ್ಟಿದ ಕೂಡಲೇ ಇದು ನಾನೇ ಅಂತ ತಿಳಿಯುತ್ತದೆ." ಹಾಗೆ ಹೇಳುವಷ್ಟರಲ್ಲಿ ಬಳ್ಳಿ ಅವರ ಒಂದು ಚಪ್ಪಲಿ ಒಯ್ದಿತ್ತು. ಇಬ್ಬರೂ ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿದೆವು.

ಆ ಏನೋ ಒಂದನ್ನು ಎಲೆಯಿಂದ ಬಿಡಿಸಿ ತೆಗೆಯಬೇಕು. ತೆಗೆದು ಮಂಚಕ್ಕೆ ಬಳಿದರೆ ಬಳ್ಳಿಯ ಪಾಲಿಗೆ ಮಂಚವೂ ಬಳ್ಳಿಯೇ. ಇಷ್ಟು ಸರಳ. ಮೊದಲು ಎಲೆ ಜಜ್ಜಿ ರಸ ಬಳಿದೆವು. ಸುತ್ತಮುತ್ತಲ ಬಳ್ಳಿಯೆಲ್ಲ ಕೂಗಿ ಕರೆದಂತೆ ಓಡಿಬಂದು, ಕಣ್ಣೆದುರೇ ಮಂಚ ಹಸಿರಾಯಿತು. "ಇದೆಂತ, ಅಡುಗೆ ಮಾಡಿ ಬಡಿಸಿದ ಹಾಗಾಯ್ತಲ್ಲ!" ಎಂದು ದೊಡ್ಡಮ್ಮ ಕುಪ್ಪಸದೊಳಗೆ ನುಗ್ಗುತ್ತಿದ್ದ ಕುಡಿಯನ್ನು ಎಳೆದು ಬಿಸಾಡಿದಳು. ಆಮೇಲೆ ಕುದಿಸಿದೆವು. ಬಳ್ಳಿಗೆ ಏನೂ ಆಗಲಿಲ್ಲ, ಊರಿನ ಬೆಕ್ಕುಗಳೆಲ್ಲ ನಮ್ಮ ಅಂಗಳಕ್ಕೆ ಬಂದವು. ಆ ಬಂಗುಡೆ ಕಳ್ಳನೂ ಬಂದಿದ್ದ.

ಆಗ ನನಗೆ ಹೊಳೆಯಿತು. ಜಜ್ಜುವುದೇ ತಪ್ಪು. ಗಾಯವಾದ ಎಲೆ ತನ್ನವರನ್ನು ಕರೆಯುತ್ತದೆ. ಗುರುತಿರುವುದು ಒಳಗಲ್ಲ, ಮೇಲಿನ ಮೇಣದಂಥ ಪದರದಲ್ಲಿ. ಎಲೆಗೆ ನೋವಾಗದಂತೆ ಅದನ್ನಷ್ಟೇ ತೊಳೆದು ತೆಗೆಯಬೇಕು, ಅದಕ್ಕೆ ನೀರು ಸಾಲದು, ಸ್ಪಿರಿಟ್ ಬೇಕು. ಕಾಲೇಜಿನ ಸ್ಪಿರಿಟ್ ಬುಡ್ಡಿಯಲ್ಲಿ ಇದ್ದದ್ದು ಒಂದು ಚಮಚೆ. ಲೂಸಿಬಾಯಿ ಮನೆಗೆ ಹೋಗಿ ಎರಡು ಕೊಡಪಾನ ಹೊತ್ತು ತಂದರು. ಗೇರುಹಣ್ಣಿನ ಸಾರಾಯಿ, ಅವರೇ ಭಟ್ಟಿ ಇಳಿಸಿದ್ದು.

"ಇಷ್ಟೊಂದಾ!" ಎಂದೆ.

"ಮಗಳ ಮದುವೆಗೆ ಅಂತ ಇಟ್ಟದ್ದು. ಅವಳಿಗಿನ್ನೂ ಗಂಡು ಸಿಕ್ಕಿಲ್ಲ. ನೀನು ತೊಳಿ," ಎಂದರು.

ಅದನ್ನು ಇನ್ನೂ ಎರಡು ಸಲ ಇಳಿಸಿ ಖಡಕ್ಕು ಮಾಡಿ, ಇಡೀ ಇಡೀ ಎಲೆಗಳನ್ನು ಮಕ್ಕಳಿಗೆ ಸ್ನಾನ ಮಾಡಿಸಿದ ಹಾಗೆ ಅದ್ದಿ ತೆಗೆದೆವು. ತೊಳೆದ ಸ್ಪಿರಿಟ್ಟನ್ನು ಬಿಸಿನೀರಿನ ಮೇಲಿಟ್ಟು ಆವಿಯಾಗಲು ಬಿಟ್ಟೆವು. ನಡುನಡುವೆ ಒಬ್ಬೊಬ್ಬರು ಹೋಗಿ ಮಂಚದ ಕುಡಿ ಚಿವುಟಿ ಬರುತ್ತಿದ್ದೆವು. ಕಿಟಕಿ ತೆರೆದಿದ್ದರೂ ಅಡುಗೆಮನೆಯೆಲ್ಲ ಹಬೆ. ನಮ್ಮ ತಲೆಯೆಲ್ಲ ಹಗುರ. ಸಂಜೀವ ಮಾಸ್ಟ್ರು ಎಲೆಗಳಿಗೆ ಒಂದೊಂದಾಗಿ "ನಿಮ್ಮ ಉಪಕಾರ ಮರೆಯುವುದಿಲ್ಲ" ಎಂದು ಹೇಳತೊಡಗಿದರು. ಲೂಸಿಬಾಯಿ ಇಗರ್ಜಿಯ ಹಾಡು ಶುರು ಮಾಡಿ ಮಧ್ಯದಲ್ಲಿ ಬೇರೆ ಯಾವುದೋ ಹಾಡಿಗೆ ಹೋದರು. ಚಾವಡಿಯಿಂದ ದೊಡ್ಡಮ್ಮ, "ನನ್ನನ್ನು ಬಿಟ್ಟು ಎಂತ ಮಾಡ್ತಿದ್ದೀರಿ? ಬಾಗಿಲಾದರೂ ತೆಗೀರಿ!" ಎಂದು ಕೂಗಿದಳು. ತಪ್ಪಲೆಯ ತಳದಲ್ಲಿ ಉಳಿದದ್ದು ಬೂದುಹಸಿರಿನ ಜಿಡ್ಡು. ಅದನ್ನು ಮಂಚದ ಒಂದು ಕಾಲಿಗೆ ಬಳಿದೆವು. ಬಳ್ಳಿ ಬಂತು, ಮೂರು ಕಾಲು ಹತ್ತಿತು, ನಾಲ್ಕನೆಯದರ ಹತ್ತಿರ ಮೂಗು ಮುರಿದಂತೆ ತಿರುಗಿ ಹೋಯಿತು.

ನಾವು ಕಿರುಚಿದ ಸದ್ದಿಗೆ ಡಾಕ್ಟರ್ ಜಬ್ಬಾರ್ ಔಷಧದ ಪೆಟ್ಟಿಗೆ ಸಮೇತ ಓಡಿಬಂದರು, ಯಾರೋ ಸತ್ತರೆಂದು.

ಆದರೆ ಜಿಡ್ಡು ಮೈಗೆ ಬಳಿದರೆ ತುರಿಕೆ. ಅದರಲ್ಲಿ ಬೇಡದ್ದೂ ಇತ್ತು. ಬ್ಲಾಟಿಂಗ್ ಕಾಗದದ ಪಟ್ಟಿಗಳ ತುದಿಗೆ ಜಿಡ್ಡಿನ ಚುಕ್ಕೆಯಿಟ್ಟು, ಸ್ಪಿರಿಟ್ಟಿನಲ್ಲಿ ತುದಿ ಅದ್ದಿ ನಿಲ್ಲಿಸಿದೆ. ಸ್ಪಿರಿಟ್ ಮೇಲೇರುತ್ತ ಜಿಡ್ಡನ್ನು ಪಟ್ಟೆಪಟ್ಟೆಯಾಗಿ ಬಿಡಿಸಿತು: ಹಸಿರು, ಹಳದಿ, ಕಂದು. ಒಂದೊಂದು ಪಟ್ಟೆಯನ್ನೂ ಕತ್ತರಿಸಿ ಒಂದೊಂದು ಕೋಲಿಗೆ ಸುತ್ತಿ ಅಂಗಳದಲ್ಲಿ ನೆಟ್ಟೆವು. ಬಳ್ಳಿ ಬಣ್ಣದ ಪಟ್ಟೆ ಸುತ್ತಿದ ಕೋಲುಗಳನ್ನೆಲ್ಲ ಹತ್ತಿತು. ನಾನು ಕೋಲುಗಳನ್ನು ಕೀಳತೊಡಗಿದೆ. ಆಗ ಸಂಜೀವ ಮಾಸ್ಟ್ರು ಮೂಲೆಯ ಒಂದು ಕೋಲು ತೋರಿಸಿದರು. ಹಳದಿಗೂ ಕಂದಿಗೂ ನಡುವಿನ ಖಾಲಿ ಬಿಳಿ ಕಾಗದ; ಬಿಸಾಡುವ ಬದಲು ಸುಮ್ಮನೆ ಸುತ್ತಿಟ್ಟಿದ್ದೆ. ಅದು ಮಾತ್ರ ಬೋಳಾಗಿ ನಿಂತಿತ್ತು. ನಾವು ಹುಡುಕುತ್ತಿದ್ದದ್ದಕ್ಕೆ ಬಣ್ಣವೇ ಇರಲಿಲ್ಲ! ತುರಿಕೆಯೆಲ್ಲ ಕಂದಿನದು. ಹಳದಿಯ ಕಥೆ ಇನ್ನೂ ಚೆಂದ. ಬಳ್ಳಿ ಉಜ್ಜಿ ಉಜ್ಜಿ ನಮ್ಮೂರಿನ ಪ್ರತಿಯೊಬ್ಬರ ಹಿಮ್ಮಡಿಯಲ್ಲೂ ಒಂದು ಮಾಯದ ಹುಣ್ಣು ಇರುತ್ತಿತ್ತು. ಹಳದಿ ತಾಗಿದ ಕಡೆ ದೊಡ್ಡಮ್ಮನ ಹುಣ್ಣು ಒಣಗಿ ಉದುರಿದ್ದನ್ನು ಕಂಡದ್ದು ಡಾಕ್ಟರ್. ಅವರು ಅದನ್ನು ತಮ್ಮ ಕಾಲಿಗೆ ಹಚ್ಚಿಕೊಂಡು, ಬೆಳಗ್ಗೆ ಬರಿಗಾಲಿನಲ್ಲಿ ಓಣಿಯುದ್ದಕ್ಕೂ ಎಲ್ಲರಿಗೂ ಹಿಮ್ಮಡಿ ತೋರಿಸುತ್ತ ಓಡಿದರು.

ಅಂಥ ಬಿಳಿ ಪಟ್ಟಿಗಳನ್ನು ರಾಶಿರಾಶಿ ಮಾಡಿ, ಅವುಗಳಿಂದ ತೊಳೆದು ತೆಗೆದ ಬಣ್ಣವಿಲ್ಲದ್ದನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಮಂಚಕ್ಕೆ, ದೊಡ್ಡಮ್ಮನ ಕಾಲಿಗೆ, ಬಾಗಿಲಿಗೆ ಬಳಿದೆವು. ಅವತ್ತು ನಾವು ಮೂವರೂ ಮಲಗಿದೆವು. ಎದ್ದಾಗ ದೊಡ್ಡಮ್ಮ ಹಾಗೆಯೇ ಇದ್ದಳು, ಮೈಮೇಲೆ ಒಂದು ಎಲೆಯೂ ಇಲ್ಲ. ಆದರೆ ಓಣಿಯವರು ನಂಬಲಿಲ್ಲ. ಒಬ್ಬರಿಗೆ ಒಂದು ದಿನ ನಡೆದದ್ದು ಊರಿಗೆಲ್ಲ ನಡೆಯುತ್ತದೆಂದು ಏನು ಗ್ಯಾರಂಟಿ ಎಂದರು. ಮೋಡ ಕಟ್ಟಿತ್ತು. ಪೌಲು ಬಂದು ಬಾಗಿಲಲ್ಲಿ ಕಾಲು ಬದಲಿಸುತ್ತ ನಿಂತ. "ಕೊನೆಯ ದೋಣಿ ಟೀಚರ್. ಇವತ್ತು ಬಿಟ್ಟರೆ ಇಲ್ಲ."

"ಪೌಲು, ಮೀನುಪೇಟೆಗೆ ಎಲ್ಲರನ್ನೂ ಬರಹೇಳು," ಎಂದೆ. "ನಾನು ಕೂರುತ್ತೇನೆ."

ಮೀನುಪೇಟೆಯ ನಡುವೆ, ಬಳ್ಳಿ ಅತ್ಯಂತ ದಟ್ಟವಾಗಿ ಬರುವ ಕಡೆ, ಕಾಲೇಜಿನ ಒಂದು ಕುರ್ಚಿ ಹಾಕಿದೆ. ಮೈಕೈಗೆಲ್ಲ ಎಣ್ಣೆ ಬಳಿದುಕೊಂಡು ಕೂತೆ. ಹುಟ್ಟಿ ಬೆಳೆದ ಮೇಲೆ ನಾನು ಕುರ್ಚಿಯ ಮೇಲೆ ಸರಿಯಾಗಿ ಕೂತದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಊರಿಗೆ ಊರೇ ಬಂದಿತ್ತು. ನಿಲ್ಲುವಂತಿಲ್ಲವಾದ್ದರಿಂದ ಎಲ್ಲರೂ ನನ್ನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಬುಟ್ಟಿ ಹೊತ್ತ ಹೆಂಗಸರು, ಮಕ್ಕಳನ್ನು ಹೆಗಲಿಗೇರಿಸಿಕೊಂಡವರು, ಸುತ್ತಿ ಸುತ್ತಿ ನನಗೇ ತಲೆ ಸುತ್ತು ಬರುವ ಹಾಗೆ.

ಬಳ್ಳಿ ಬಂತು. ಕಲ್ಲುಹಾಸಿನ ಸಂದಿಯಿಂದ ಒಂದು, ಎರಡು, ಆಮೇಲೆ ಎಣಿಸಲಾರದಷ್ಟು. ದಪ್ಪದೊಂದು ಕುಡಿ ನನ್ನ ಹೆಬ್ಬೆರಳನ್ನು ಮುಟ್ಟಿತು. ತಣ್ಣಗೆ. ಮಗು ಬೆರಳು ಹಿಡಿಯುವಷ್ಟು ಮೆತ್ತಗೆ. ಎಣ್ಣೆ ಕಡಿಮೆಯಾಯಿತೇನೋ, ದೊಡ್ಡಮ್ಮ ಇನ್ನು ಆ ಬಂಡೆಯ ಮೇಲೆ ಮಲಗುವಳೇನೋ ಎಂದುಕೊಳ್ಳುತ್ತಿದ್ದೆ. ಕುಡಿ ಹಿಂದೆ ಸರಿಯಿತು. ಇನ್ನೊಂದು ಮುಟ್ಟಿ ಸರಿಯಿತು. ಬಳ್ಳಿಯೆಲ್ಲ ನನ್ನ ಕುರ್ಚಿಯ ಸುತ್ತ ರಂಗೋಲಿಯ ಹಾಗೆ ಬಳಸಿಕೊಂಡು ಮುಂದೆ ಹೋಯಿತು. ಯಾರೋ ಸೀಟಿ ಹೊಡೆದರು. ಆಮೇಲೆ ಎದ್ದ ಗದ್ದಲ ಹೇಳತೀರದು.

ಆ ಗದ್ದಲದ ನಡುವೆ ಸಂಜೀವ ಮಾಸ್ಟ್ರು ಗುಂಪಿನಿಂದ ಹೊರಬಂದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಇಂದು ಟೀಚರ್, ನಾನೊಂದು ವಿಷಯ," ಎಂದರು.

"ಮಾಸ್ಟ್ರೇ! ಎಣ್ಣೆ ಹಚ್ಚಿಕೊಂಡಿದ್ದೀರಾ?"

"ಇಲ್ಲ. ಹಚ್ಚಿಕೊಂಡು ಬರುವಷ್ಟರಲ್ಲಿ ಮಾತು ಮರೆತುಹೋದರೆ ಅಂತ ಹಾಗೇ ಬಂದೆ." ಒಂದು ಕುಡಿ ಅವರ ಕಾಲಿಗೆ ಸುತ್ತಿತು. "ನಡೆಯುವಾಗ ನನಗೆ ಮಾತು ಬರುವುದಿಲ್ಲ. ಈಗ ಬರುತ್ತಾ ಉಂಟು. ನೋಡಿ, ಚೆನ್ನಾಗಿ ಬರುತ್ತಾ ಉಂಟು!" ಮೊಣಕಾಲು. "ನೀವು ನನ್ನನ್ನು ಮದುವೆಯಾಗುತ್ತೀರಾ?" ಸೊಂಟ. "ಅವಸರವಿಲ್ಲ. ಯೋಚಿಸಿ ಹೇಳಿ."

"ಯೋಚಿಸುವುದಕ್ಕೆ ಹೊತ್ತೆಲ್ಲಿ ಉಂಟು ಮಾರಾಯ್ರೇ!" ಎಂದು ನಾನು ಕುರ್ಚಿಯಿಂದ ಹಾರಿ, ಎಣ್ಣೆಯ ಮೈಯಲ್ಲೇ, ಇಡೀ ಮೀನುಪೇಟೆಯ ಎದುರಿಗೆ ಅವರನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಎದೆಗೆ ಎದೆ, ತೋಳಿಗೆ ತೋಳು ಉಜ್ಜಿ ಎಣ್ಣೆ ಅವರ ಮೈಗೂ ಹತ್ತಿತು. ಬಳ್ಳಿ ಒಂದು ಗಳಿಗೆ ಗೊಂದಲಕ್ಕೆ ಬಿದ್ದಂತಿತ್ತು. ಆಮೇಲೆ ಸುತ್ತು ಸುತ್ತಾಗಿ ಬಿಚ್ಚಿಕೊಂಡು, ಅವರನ್ನು ನನಗೆ ಬಿಟ್ಟು, ಮೀನಿನ ಬುಟ್ಟಿಗಳ ಕಡೆಗೆ ಹೋಯಿತು. ಲೂಸಿಬಾಯಿ ಜೋರಾಗಿ ಅತ್ತರು. ಸಾರಾಯಿ ಕೊನೆಗೂ ಒಂದು ಮದುವೆಗೇ ಆಯಿತಲ್ಲ ಎಂದು ಅತ್ತದ್ದಂತೆ.

ಪೌಲು ನನ್ನ ಖಾಲಿ ಕುರ್ಚಿಯ ಹತ್ತಿರ ಬಂದ. ಅದನ್ನು ಮುಟ್ಟಿ ನೋಡಿದ. "ಟೀಚರ್, ಈ ಎಣ್ಣೆ ಇನ್ನೂ ಉಂಟಾ?"

"ಎರಡು ಭರಣಿ ಉಂಟು."

"ಹಾಗಾದರೆ ದೋಣಿ ಖಾಲಿ ಹೋಗಲಿ. ಅಲ್ಲಿಂದ ತುಂಬಿಕೊಂಡು ಬರ್ತೇನೆ." ಬೆರಳಿಗೆ ಹತ್ತಿದ ಎಣ್ಣೆಯನ್ನು ಕಾಲಿಗೆ ಸವರಿಕೊಂಡ. "ಎಲ್ಲರನ್ನೂ ಕರೆದೊಯ್ದವನು ನಾನು. ಕರೆತರುವವನೂ ನಾನೇ ಆಗಬೇಕು."

ಸುತ್ತುವವರು ಮೆಲ್ಲನೆ ಸುತ್ತುತ್ತಲೇ ಇದ್ದರು. ಮೊದಲು ಮಾತಾಡಿದ್ದು ಸಂಜೀವ ಮಾಸ್ಟ್ರು. "ನನ್ನ ಅಮ್ಮ ಅಲ್ಲಿದ್ದಾಳೆ," ಎಂದರು. ನನಗದು ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಆದರೆ ಅವರು ಅದನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಅವತ್ತೇ ಕೇಳಿದ್ದು. ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು. ನನ್ನ ಮಾವ. ನನ್ನ ತಂಗಿ. ನಮ್ಮ ಅಜ್ಜಿ, ಇದ್ದರೆ.

ಮಳೆ ಬರುವ ಮೊದಲು ಊರಿನ ದೋಣಿಗಳೆಲ್ಲ ಪೌಲುವಿನ ಹಿಂದೆ ಹೋದವು. ನಾವು ದಂಡೆಯ ಮೇಲೆ ರೂಢಿಯಂತೆ ದಡಬಡ ಓಡಾಡುತ್ತ ಕಾದೆವು, ಗಂಡಸರು ಹೆಂಗಸರೆಲ್ಲ ಎಣ್ಣೆ ಬಳಿದುಕೊಂಡು ಹೊಳೆಯುತ್ತಿದ್ದರು. ಮಂಚ ಸಮೇತ ದೊಡ್ಡಮ್ಮನನ್ನು ಎಂಟು ಜನ ಹೊತ್ತು ತಂದಿದ್ದರು. ನೀರು ತುಂಬಿದ ಕೊಡ ಹೊತ್ತವರ ಹಾಗೆ ನಡೆಯಿರಿ ಎಂದು ಡಾಕ್ಟರ್ ದಾರಿಯುದ್ದಕ್ಕೂ ಗದರಿಸಿದ್ದರು. ದೋಣಿಗಳು ಮರಳಿದಾಗ ಮೊದಲ ಹನಿ ಬೀಳುತ್ತಿತ್ತು. ಎತ್ತಿ ಎತ್ತಿ ಇಳಿಸಿದೆವು. ತಮ್ಮವರು ಇನ್ನಿಲ್ಲವೆಂದು ಕೇಳಿ ಕೆಲವರು ನೀರಿನಲ್ಲೇ ನಿಂತುಬಿಟ್ಟರು. ಅವರನ್ನು ಅಕ್ಕಪಕ್ಕದವರು ಹಿಡಿದುಕೊಂಡರು.

ಸಂಜೀವ ಮಾಸ್ಟ್ರು ತಮ್ಮ ಅಮ್ಮ ಕಲ್ಯಾಣಿಯನ್ನು ತೋಳಲ್ಲಿ ಎತ್ತಿ ತಂದರು. ಮುದುಕಿ ಹಕ್ಕಿಯಷ್ಟು ಹಗುರವಾಗಿದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇವಳಾ? ಎಂತ ಇಷ್ಟೊಂದು ಜಿಡ್ಡು?" ಎಂದರು. ಮಾಸ್ಟ್ರು ಉತ್ತರ ಹೇಳಲು ಹೊರಟು ಎಡವಿದರು. ದೊಡ್ಡಮ್ಮ ಮಂಚದಿಂದಲೇ ನಕ್ಕು, "ಇಲ್ಲಿ ಬನ್ನಿ, ನಾನು ಹೇಳ್ತೇನೆ. ಉದ್ದ ಕಥೆ," ಎಂದು ಸ್ವಲ್ಪವೂ ಅಲುಗಾಡದೆ ಪಕ್ಕದ ಜಾಗವನ್ನು ಕಣ್ಣಲ್ಲೇ ತೋರಿಸಿದಳು. ಮರಳಿನ ಮೇಲೆ ಚಾಪೆ ಹಾಸಿ, ಎಣ್ಣೆ ಬಳಿದು, ಕಲ್ಯಾಣಿಯಮ್ಮನನ್ನು ಕೂರಿಸಿದೆವು. ಅವರ ಪಕ್ಕ ಯಾರೋ ಕೂತರು, ಅವರ ಪಕ್ಕ ಇನ್ಯಾರೋ. ನೋಡನೋಡುತ್ತ ಊರೇ ದಂಡೆಯ ಮೇಲೆ ಕೂತಿತು. ಯಾರಿಗೂ ಕೂರುವುದು ಗೊತ್ತಿರಲಿಲ್ಲ. ಒಬ್ಬರ ಕಾಲು ಜೋಮು ಹಿಡಿಯಿತು, ಒಬ್ಬರು ಹಿಂದಕ್ಕೆ ಮಗುಚಿಬಿದ್ದರು. ನಗು ತಡೆಯದೆ ಎಲ್ಲರ ಹೊಟ್ಟೆ ನೋಯಿತು.

ಮಳೆ ಜೋರಾಯಿತು. "ದೊಡ್ಡಮ್ಮಾ, ಹೊರಡುವ, ನೆನೆಯುತ್ತೀರಿ," ಎಂದು ನಾನು ಕೊಡೆ ಹಿಡಿದು ಓಡಿದೆ. ಇಬ್ಬರು ಮುದುಕಿಯರೂ ತಲೆಗೆ ತಲೆ ಹಚ್ಚಿ ಅದೇನೋ ಗುಸುಗುಸು ಮಾತಿನಲ್ಲಿ ಮುಳುಗಿದ್ದರು. ದೊಡ್ಡಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಾವು ಏಳುವುದಿಲ್ಲ ಮಾರಾಯ್ತಿ," ಎಂದಳು. "ಮಾತು ಈಗಷ್ಟೇ ಶುರುವಾದದ್ದು. ಕೊಡೆ ಕೊಟ್ಟು ಹೋಗು."